ಟವೆಲ್‌ಗೆ ಮುಗ್ಗಲು ವಾಸನೆ ಹತ್ತದಿರಲು ಏನು ಮಾಡಬೇಕು? ಮಳೆಗಾಲಕ್ಕೊಂದು ಸಮಗ್ರ ಮಾರ್ಗದರ್ಶಿ

ಒಗೆದು ಮಡಚಿಟ್ಟ ಟವೆಲ್. ಮೂಗಿನ ಹತ್ತಿರ ಹಿಡಿದರೆ ಸೋಪಿನ ಘಮ. ಸ್ನಾನ ಮುಗಿಸಿ ಅದರಲ್ಲೇ ಮುಖ ಒರೆಸಿಕೊಂಡರೆ ಗಪ್ಪನೆ ಮುಗ್ಗಲು ವಾಸನೆ. ಆಷಾಢ, ಶ್ರಾವಣದಲ್ಲಿ ಸಾಗರ, ತೀರ್ಥಹಳ್ಳಿ, ಉಡುಪಿ, ಕಾರವಾರದ ಕಡೆ ಇದು ಮನೆಮನೆ ಕಥೆ. ಬೆಂಗಳೂರಿನ ಫ್ಲಾಟುಗಳಲ್ಲಿ ಇದಕ್ಕೆ ಮಳೆಗಾಲವೇ ಬೇಕಿಲ್ಲ, ಕಿಟಕಿ ಇಲ್ಲದ ಬಾತ್‌ರೂಮ್ ಒಂದಿದ್ದರೆ ಸಾಕು.

ಇಂಥ ಹೊತ್ತಲ್ಲಿ ಹೆಚ್ಚಿನವರ ಕೈ ಹೋಗುವುದು ಸೋಪಿನ ಪುಡಿಯ ಡಬ್ಬಕ್ಕೆ. ಒಂದು ಚಮಚ ಪುಡಿ ಜಾಸ್ತಿ, ಒಂದು ಮುಚ್ಚಳ ಫ್ಯಾಬ್ರಿಕ್ ಕಂಡೀಷನರ್ ಜಾಸ್ತಿ. ಒಂದೆರಡು ದಿನ ಘಮಘಮ, ಆಮೇಲೆ ಮತ್ತೆ ಅದೇ ನಾತ. ಟವೆಲ್ ಕೆಡುವುದು ಹೆಚ್ಚಾಗಿ ಒಣಗುವ ಹಗ್ಗದ ಮೇಲೆ. ಒದ್ದೆಯಾಗಿ ಎಷ್ಟು ಹೊತ್ತು ಬಿದ್ದಿತ್ತು ಅನ್ನುವುದರ ಮೇಲೆ ಎಲ್ಲಾ ನಿಂತಿದೆ. ನಾನು ಇಟ್ಟುಕೊಂಡಿರುವ ಲೆಕ್ಕ ಸರಳ: ಬೆಳಿಗ್ಗೆ ಮೈ ಒರೆಸಿದ ಟವೆಲ್ ಮಧ್ಯಾಹ್ನದ ಊಟದ ಹೊತ್ತಿಗೆ ಒಣಗಿರಬೇಕು. ಕೆಳಗೆ ಹೇಳಿರುವುದೆಲ್ಲಾ ಹೆಚ್ಚುಕಮ್ಮಿ ಆ ಗುರಿ ಮುಟ್ಟುವ ದಾರಿಗಳೇ.

ವಾಸನೆ ಎಲ್ಲಿಂದ ಬರುತ್ತದೆ

ಮೈ ಒರೆಸುವಾಗ ಟವೆಲ್‌ಗೆ ಬರೀ ನೀರು ಹೋಗುವುದಿಲ್ಲ. ಚರ್ಮದ ಜಿಡ್ಡು, ಬೆವರು, ಉದುರಿದ ಚರ್ಮದ ಪುಡಿ, ತಲೆಗೆ ಹಚ್ಚಿದ ಕೊಬ್ಬರಿ ಎಣ್ಣೆ, ಸರಿಯಾಗಿ ತೊಳೆಯದೆ ಉಳಿದ ಸೋಪು, ಎಲ್ಲಾ ಹೋಗುತ್ತದೆ. ಚರ್ಮದ ಮೇಲಿನ ಬ್ಯಾಕ್ಟೀರಿಯಾವೂ ಜೊತೆಗೆ. ಟವೆಲ್ ಬೇಗ ಒಣಗಿದರೆ ಅವು ಸುಮ್ಮನಿರುತ್ತವೆ. ಒದ್ದೆಯಾಗಿಯೇ ಬಿದ್ದಿದ್ದರೆ ಆ ಜಿಡ್ಡನ್ನು ತಿಂದು ಬೆಳೆಯುತ್ತವೆ, ನಾತದ ಆಮ್ಲಗಳನ್ನು ಬಿಡುತ್ತವೆ.

2012ರಲ್ಲಿ ಜಪಾನಿನ ಸಂಶೋಧಕರು ಒಗೆದ ಬಟ್ಟೆಯ ಈ ಒದ್ದೆ ನಾತಕ್ಕೆ ಮುಖ್ಯ ಕಾರಣ ಮೊರಾಕ್ಸೆಲ್ಲಾ ಓಸ್ಲೋಎನ್ಸಿಸ್ ಎಂಬ ಬ್ಯಾಕ್ಟೀರಿಯಾ ಅಂತ ತೋರಿಸಿದರು. ಅದು ಬಿಡುವ 4-ಮೀಥೈಲ್-3-ಹೆಕ್ಸೆನೋಯಿಕ್ ಆಮ್ಲವೇ ನಮ್ಮ ಮೂಗಿಗೆ ಬಡಿಯುವುದು. ಈ ಹೆಸರುಗಳನ್ನು ನೆನಪಿಟ್ಟುಕೊಂಡು ಆಗಬೇಕಾದ್ದೇನೂ ಇಲ್ಲ. ಅದರ ಗುಣ ಮಾತ್ರ ಗೊತ್ತಿರಲಿ: ಒಣಗಿಸಿದರೂ, ಬಿಸಿಲಿನ ಅತಿನೇರಳೆ ಕಿರಣ ಬಿದ್ದರೂ ಅದು ಸುಲಭಕ್ಕೆ ಸಾಯುವುದಿಲ್ಲ. ನೂಲಿನಲ್ಲಿ ಅಡಗಿ ಕೂತಿರುತ್ತದೆ. ನೀರು ತಾಗಿದ ಕೂಡಲೇ ಮತ್ತೆ ಶುರು. ಒಣಗಿದಾಗ ಚೆನ್ನಾಗಿದ್ದ ಟವೆಲ್ ಒದ್ದೆಯಾದಾಗ ನಾರುವುದು ಇದಕ್ಕೇ.

ಹಾಗಾಗಿ ಒಣ ಟವೆಲ್ ಮೂಸಿ ಪ್ರಯೋಜನವಿಲ್ಲ. ಅದರ ಒಂದು ಮೂಲೆಯನ್ನು ಉಗುರುಬೆಚ್ಚಗಿನ ನೀರಲ್ಲಿ ಅದ್ದಿ, ಹಿಂಡಿ, ಹತ್ತು ನಿಮಿಷ ಬಿಟ್ಟು ಮೂಸಿ. ಮೂಲೆಯನ್ನೇ ಯಾಕೆ ಅಂದರೆ, ಅಲ್ಲಿ ಅಂಚನ್ನು ಎರಡು ಮೂರು ಪದರ ಮಡಚಿ ಹೊಲಿದಿರುತ್ತಾರೆ. ನಡುಭಾಗ ಗರಿಗರಿಯಾಗಿದ್ದರೂ ಆ ಹೊಲಿಗೆಯೊಳಗೆ ಪಸೆ ಉಳಿದಿರುತ್ತದೆ. ನಾತ ಶುರುವಾಗುವುದೂ ಅಲ್ಲಿಂದಲೇ. ಪಸೆ ಇದೆಯೋ ಇಲ್ಲವೋ ಅನ್ನುವುದು ಬೆರಳಿಗೆ ಅಷ್ಟು ಗೊತ್ತಾಗುವುದಿಲ್ಲ. ಅಂಚನ್ನು ಕೆನ್ನೆಗೋ ಮೇಲ್ದುಟಿಗೋ ಒತ್ತಿ ನೋಡಿ. ತಣ್ಣಗೆ ತಾಗಿದರೆ ಇನ್ನೂ ಒಣಗಿಲ್ಲ ಅಂತಲೇ ಅರ್ಥ. ಮಡಚಿ ಬೀರುವಿಗೆ ಇಡುವ ಮೊದಲೂ ಇದೇ ಪರೀಕ್ಷೆ ಮಾಡಿ.

ಕಪ್ಪು ಚುಕ್ಕಿಗಳು ಕಂಡರೆ ಅದು ಬೂಷ್ಟು. ಆ ಕಥೆ ಬೇರೆ, ಕೊನೆಗೆ ಹೇಳುತ್ತೇನೆ.

ಮೊದಲು ಟವೆಲ್ ಸರಿಯಿರಲಿ

ಟರ್ಕಿ ಟವೆಲ್‌ನ ಮೈತುಂಬಾ ನೂಲಿನ ಸಣ್ಣ ಸಣ್ಣ ಕುಣಿಕೆಗಳು. ನೀರು ಹೀರುವುದೂ ಅವೇ, ಬಿಡದೆ ಹಿಡಿದಿಟ್ಟುಕೊಳ್ಳುವುದೂ ಅವೇ. ದಪ್ಪವನ್ನು ಜಿಎಸ್‌ಎಂ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಬಟ್ಟೆ ಎಷ್ಟು ಗ್ರಾಂ ತೂಗುತ್ತದೆ ಅಂತ. 75 ಸೆಂ.ಮೀ. ಅಗಲ, 150 ಸೆಂ.ಮೀ. ಉದ್ದದ 600 ಜಿಎಸ್‌ಎಂ ಟವೆಲ್ ಒಣಗಿದ್ದಾಗಲೇ 675 ಗ್ರಾಂ ಇರುತ್ತದೆ. ಅದೇ ಅಳತೆಯ 300 ಜಿಎಸ್‌ಎಂ ಟವೆಲ್ 340 ಗ್ರಾಂ ಆಸುಪಾಸು. ಒಗೆದ ಮೇಲೆ ಒಣಗಿಸಬೇಕಾದ ನೀರಿನ ಲೆಕ್ಕವೂ ಹೆಚ್ಚುಕಮ್ಮಿ ಹಾಗೆಯೇ ದುಪ್ಪಟ್ಟಾಗುತ್ತದೆ.

ಸೊಲ್ಲಾಪುರ ಟರ್ಕಿ ಟವೆಲ್‌ಗೆ ಹೆಸರಾದ ಊರು. ಅಲ್ಲಿನ ಟವೆಲ್‌ಗೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯೂ ಇದೆ. ಸೊಲ್ಲಾಪುರ, ವಿಜಯಪುರ, ಕಲಬುರಗಿಯ ಒಣ ಗಾಳಿಯಲ್ಲಿ ದಪ್ಪ ಟವೆಲ್ ತೊಂದರೆ ಕೊಡುವುದಿಲ್ಲ. ಬೇಸಿಗೆಯಲ್ಲಿ ಹಗ್ಗಕ್ಕೆ ಹಾಕಿ, ಊಟ ಮುಗಿಸಿ ಒಂದು ನಿದ್ದೆ ತೆಗೆದು ಏಳುವಷ್ಟರಲ್ಲಿ ಒಣಗಿರುತ್ತದೆ. ಅದೇ ಟವೆಲ್ ಜುಲೈನಲ್ಲಿ ಆಗುಂಬೆಗೆ ಹೋದರೆ? ವರ್ಷಕ್ಕೆ ಸರಾಸರಿ 7,000 ಮಿ.ಮೀ.ಗೂ ಜಾಸ್ತಿ ಮಳೆ ಬೀಳುವ ಊರದು. ಗಾಳಿಯೇ ಒದ್ದೆ. ಹತ್ತಿಯ ಸ್ವಭಾವವೂ ಇದಕ್ಕೆ ಸೇರಿಕೊಳ್ಳುತ್ತದೆ. ಗಾಳಿಯಲ್ಲಿ ತೇವಾಂಶ 65% ಇದ್ದಾಗ, ಒಣಗಿದೆ ಅಂತ ನಾವು ಅಂದುಕೊಳ್ಳುವ ಹತ್ತಿ ಬಟ್ಟೆಯಲ್ಲೂ ಅದರ ತೂಕದ ಏಳೆಂಟು ಶೇಕಡಾ ನೀರಿರುತ್ತದೆ. ತೇವಾಂಶ 90% ದಾಟಿದರೆ ಅದು ಇನ್ನೂ ಏರುತ್ತದೆ. ಜಡಿಮಳೆಯ ದಿನ ವರಾಂಡದ ಹಗ್ಗದಲ್ಲಿ ಎಷ್ಟು ಹೊತ್ತು ಬಿಟ್ಟರೂ ಟವೆಲ್ ತಂಪಾಗಿಯೇ ಇರುವುದಕ್ಕೆ ಇದೇ ಕಾರಣ.

ಕರಾವಳಿಯ ಬೈರಾಸು, ಮಲೆನಾಡಿನ ಪಾಣಿಪಂಚೆ, ಕೇರಳದ ತೋರ್ತು ನೋಡಿ. ಎಲ್ಲಾ ತೆಳು. ಮಳೆ ಜಾಸ್ತಿ ಇರುವ ಕಡೆಯ ಜನ ಅದನ್ನೇ ಹಿಡಿದುಕೊಂಡಿದ್ದು ಸುಮ್ನೆ ಅಲ್ಲ. ಹೋಟೆಲ್ ಕೋಣೆಯ ದಪ್ಪ ಬಿಳಿ ಟವೆಲ್ ನೋಡಿ ಆಸೆಪಟ್ಟು ಅಂಥದ್ದೇ ಮನೆಗೂ ತರುತ್ತೇವೆ. ಹೋಟೆಲಿನಲ್ಲಿ ಅದನ್ನು ದಿನಾ ಬಿಸಿನೀರಲ್ಲಿ ಒಗೆದು ದೊಡ್ಡ ಡ್ರೈಯರ್‌ನಲ್ಲಿ ಒಣಗಿಸುತ್ತಾರೆ ಅನ್ನುವುದು ಮರೆತುಹೋಗುತ್ತದೆ, ಅಲ್ವಾ?

ನನ್ನ ಸಲಹೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ದಪ್ಪ ಟವೆಲ್‌ಗಳಿಗೆ ರಜೆ ಕೊಡಿ. ಒಬ್ಬೊಬ್ಬರಿಗೆ ಮೂರು ತೆಳು ಟವೆಲ್ ಇರಲಿ. ಒಂದು ಮೈಮೇಲೆ, ಒಂದು ಹಗ್ಗದ ಮೇಲೆ, ಒಂದು ಬೀರುವಿನಲ್ಲಿ. ಪಂಚೆಯಂಥ ಬಟ್ಟೆ ಮೈಗೆ ಹಿತವಾಗುವುದಿಲ್ಲ ಅನ್ನುವವರಿಗೆ ಈಗ ಚೌಕುಳಿ ಚೌಕುಳಿಯಾಗಿ ಜೇನುಗೂಡು ನೇಯ್ಗೆಯ ಟವೆಲ್ ಸಿಗುತ್ತದೆ. ಕುಣಿಕೆ ಇಲ್ಲ, ನೀರು ಚೆನ್ನಾಗಿ ಹೀರುತ್ತದೆ, ಬೇಗ ಒಣಗುತ್ತದೆ. ಯಾವ ಟವೆಲ್ ತಂದರೂ ಬಳಸುವ ಮೊದಲು ಒಂದು ಸಲ ಒಗೆಯಿರಿ. ಅಂಗಡಿಯಲ್ಲಿ ಮೆತ್ತಗೆ ಕಾಣಲಿ ಅಂತ ಹಾಕಿರುವ ಲೇಪ ಹೋಗುವವರೆಗೆ ಅದು ನೀರು ಹೀರುವುದಿಲ್ಲ.

ಸ್ನಾನವಾದ ಕೂಡಲೇ

ಟವೆಲ್‌ಗೆ ನೀರು ಕಮ್ಮಿ ಹೋದಷ್ಟೂ ಬೇಗ ಒಣಗುತ್ತದೆ. ತಲೆಸ್ನಾನ ಮಾಡಿದ ದಿನ ಕೂದಲನ್ನು ಕೈಯಲ್ಲೇ ಹಿಂಡಿ ನೀರಿಳಿಸಿ. ಮೈಮೇಲಿನ ನೀರನ್ನು ಅಂಗೈಯಿಂದ ಒಮ್ಮೆ ಕೆಳಕ್ಕೆ ಸವರಿ. ತಲೆಗೆ ಬೇರೆ ತೆಳು ಬಟ್ಟೆ ಇದ್ದರೆ ಇನ್ನೂ ಒಳ್ಳೆಯದು. ಉದ್ದ ಕೂದಲಿನವರ ಟವೆಲ್ ಬೇಗ ಮುಗ್ಗುವುದಕ್ಕೆ ಕಾರಣ ಕೂದಲ ನೀರು ಮತ್ತು ಎಣ್ಣೆ.

ಆಮೇಲೆ ಟವೆಲ್ ಎಲ್ಲಿಗೆ ಹೋಗುತ್ತದೆ? ಬಹಳ ಮನೆಗಳಲ್ಲಿ ಬಾತ್‌ರೂಮ್ ಬಾಗಿಲ ಹಿಂದಿನ ಮೊಳೆಗೆ. ಇಡೀ ಮನೆಯಲ್ಲಿ ಗಾಳಿ ಅತಿ ಒದ್ದೆಯಾಗಿರುವುದು ಅಲ್ಲೇ. ಅದರ ಮೇಲೆ ಒಂದೇ ಮೊಳೆಗೆ ನೇತುಹಾಕಿದರೆ ಟವೆಲ್ ಹತ್ತಾರು ಮಡಿಕೆಯಾಗಿ ತನಗೆ ತಾನೇ ಅಂಟಿಕೊಂಡು ನಿಲ್ಲುತ್ತದೆ. ಹೊರಗಿನ ಮಡಿಕೆ ಒಣಗುತ್ತದೆ, ಒಳಗಿನದು ಸಂಜೆಯವರೆಗೂ ಒದ್ದೆ. ಕುರ್ಚಿಯ ಬೆನ್ನು, ಮಂಚದ ಅಂಚು, ಅರ್ಧ ತೆರೆದ ಬಾಗಿಲ ತಲೆ, ಇವೂ ಅಷ್ಟೇ.

ಬಾತ್‌ರೂಮಿನಿಂದ ಟವೆಲ್ ಹೊರಗೆ ತನ್ನಿ. ಎರಡು ಅಂಚು ಹಿಡಿದು ಎರಡು ಸಲ ಜಾಡಿಸಿ. ಒತ್ತಿಕೊಂಡಿದ್ದ ಕುಣಿಕೆಗಳು ಎದ್ದು ನಿಲ್ಲುತ್ತವೆ, ಗಾಳಿ ಒಳಗೆ ಹೋಗುತ್ತದೆ. ಪೂರ್ತಿ ಅಗಲಿಸಿ ಸರಳಿಗೋ ಹಗ್ಗಕ್ಕೋ ಹಾಕಿ. ಒಂದರ ಮೇಲೊಂದು ಟವೆಲ್ ಹಾಕಬೇಡಿ. ಬಾತ್‌ರೂಮಿನಲ್ಲೇ ಇಡದೆ ಬೇರೆ ದಾರಿಯಿಲ್ಲ ಅಂದರೆ ಸ್ನಾನವಾದ ಮೇಲೆ ಎಕ್ಸಾಸ್ಟ್ ಫ್ಯಾನ್ ಅರ್ಧ ಗಂಟೆಯಾದರೂ ಓಡಲಿ, ಬಾಗಿಲು ತೆರೆದಿರಲಿ.

ಪಿಜಿ, ಹಾಸ್ಟೆಲ್‌ನಲ್ಲಿ ಇರುವವರದ್ದು ದೊಡ್ಡ ಕಷ್ಟ. ಒಂದು ಕೋಣೆ, ಮೂರು ಜನ, ಒಂದು ಕಿಟಕಿ. ಕಿಟಕಿಯ ಸರಳಿನಿಂದ ಎದುರು ಗೋಡೆಯ ಮೊಳೆಗೆ ನೈಲಾನ್ ಹಗ್ಗ ಎಳೆದು, ಫ್ಯಾನಿನ ಗಾಳಿ ನೇರ ಬೀಳುವ ಜಾಗದಲ್ಲಿ ಟವೆಲ್ ಹಾಕಿಕೊಳ್ಳಿ. ಕಾಲೇಜಿಗೋ ಆಫೀಸಿಗೋ ಹೊರಡುವ ಮುಂಚೆ ಒಂದು ಗಂಟೆ ಫ್ಯಾನ್ ಗಾಳಿ ಸಿಕ್ಕರೂ ಬಹಳ ವ್ಯತ್ಯಾಸ. ಒಬ್ಬರ ಟವೆಲ್ ಇನ್ನೊಬ್ಬರು ಬಳಸುವುದಂತೂ ಬೇಡವೇ ಬೇಡ. ಹುಳುಕಡ್ಡಿಯಂಥ ಚರ್ಮದ ಕಾಯಿಲೆ ಹರಡುವ ಒಂದು ಸುಲಭ ದಾರಿ ಅದು.

ಒಗೆಯುವಾಗ

ಎಷ್ಟು ದಿನಕ್ಕೊಮ್ಮೆ? ಒಣ ಹವೆಯಲ್ಲಿ ಮೂರು ನಾಲ್ಕು ಸಲ ಬಳಸಿದ ಮೇಲೆ. ಮಳೆಗಾಲದಲ್ಲಿ ಎರಡು ಸಲಕ್ಕೊಮ್ಮೆ. ನಡುವೆ ಒಂದು ಸಲ ಸರಿಯಾಗಿ ಒಣಗದೆ ಉಳಿದಿದ್ದರೆ ಲೆಕ್ಕ ನೋಡಬೇಡಿ, ಒಗೆಯಲು ಹಾಕಿ. ಆದರೆ ಒದ್ದೆ ಟವೆಲ್ ಅನ್ನು ಕೊಳೆ ಬಟ್ಟೆಯ ಬುಟ್ಟಿಗೆ ತುರುಕಬೇಡಿ. ಭಾನುವಾರದ ಒಗೆತಕ್ಕೆ ಅಂತ ಬುಧವಾರವೇ ಬುಟ್ಟಿಗೆ ಹಾಕಿದ ಟವೆಲ್ ಪಕ್ಕದ ಅಂಗಿ, ಲುಂಗಿಗೂ ನಾತ ಹಚ್ಚುತ್ತದೆ.

ಸೋಪಿನ ಪುಡಿ ಕಮ್ಮಿ ಹಾಕಿ. ಇದು ವಿಚಿತ್ರ ಅನ್ನಿಸಬಹುದು. ಜಾಸ್ತಿ ಪುಡಿ ಹಾಕಿದರೆ ಜಾಲಾಡಿಸಿದಾಗ ಪೂರ್ತಿ ಹೋಗುವುದಿಲ್ಲ. ಕುಣಿಕೆಗಳ ಬುಡದಲ್ಲಿ ಅಂಟಾಗಿ ಉಳಿದು ಜಿಡ್ಡನ್ನೂ ಹಿಡಿದಿಟ್ಟುಕೊಳ್ಳುತ್ತದೆ. ನಿಮ್ಮ ಟವೆಲ್‌ನಲ್ಲಿ ಸೋಪು ಉಳಿದಿದೆಯಾ ಅಂತ ನೋಡಲು, ಒಗೆದು ಒಣಗಿದ ಟವೆಲ್ ಒಂದನ್ನು ಬಕೆಟ್ ತುಂಬಾ ಬರೀ ಬಿಸಿನೀರಲ್ಲಿ ಹಾಕಿ ಕೈಯಿಂದ ಚೆನ್ನಾಗಿ ಅಲುಗಾಡಿಸಿ. ನೊರೆ ಬಂದರೆ, ನೀರು ಬೂದಿ ಬಣ್ಣಕ್ಕೆ ತಿರುಗಿದರೆ, ನೀವು ಇಷ್ಟು ದಿನ ಸೋಪಿನಲ್ಲೇ ಮೈ ಒರೆಸಿಕೊಳ್ಳುತ್ತಿದ್ದಿರಿ.

ನೀರೂ ಮುಖ್ಯ. ಭಾರತೀಯ ಮಾನಕ ಬ್ಯೂರೊದ (ಬಿಐಎಸ್) ಕುಡಿಯುವ ನೀರಿನ ಮಾನದಂಡದ ಪ್ರಕಾರ ಗಡಸುತನ ಲೀಟರಿಗೆ 200 ಮಿ.ಗ್ರಾಂ. ಒಳಗಿರಬೇಕು. ಬೇರೆ ಮೂಲ ಇಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಬೋರ್‌ವೆಲ್ ನೀರು ಎಷ್ಟೋ ಕಡೆ ಗಡಸು. ಗಡಸು ನೀರಲ್ಲಿ ಬಾರ್ ಸೋಪಿನ ನೊರೆ ಏಳುವುದಿಲ್ಲ, ಬದಲಿಗೆ ಬಿಳಿ ಗಸಿ ಕಟ್ಟುತ್ತದೆ. ಅದು ನೂಲಿಗೆ ಕೂತು ಟವೆಲ್ ರೆಟ್ಟಿನಂತೆ ಗಟ್ಟಿಯಾಗುತ್ತದೆ. ಇಂಥ ನೀರಿರುವವರು ಟವೆಲ್‌ಗೆ ಬಾರ್ ಸೋಪು ಬಿಟ್ಟು ಡಿಟರ್ಜೆಂಟ್ ಪುಡಿಯನ್ನೋ ಲಿಕ್ವಿಡ್ ಅನ್ನೋ ಬಳಸಿ. ಒಂದು ದೊಡ್ಡ ಚಮಚ ವಾಷಿಂಗ್ ಸೋಡಾ ಸೇರಿಸಿದರೆ ನೀರು ಮೆತ್ತಗಾಗುತ್ತದೆ.

ಫ್ಯಾಬ್ರಿಕ್ ಕಂಡೀಷನರ್ ಅನ್ನು ಟವೆಲ್‌ಗೆ ಮುಟ್ಟಿಸಲೇಬೇಡಿ. ಅದು ಕೆಲಸ ಮಾಡುವುದೇ ನೂಲಿನ ಮೇಲೆ ತೆಳ್ಳನೆಯ ಲೇಪ ಹಚ್ಚಿ. ಸೀರೆಗೆ, ಅಂಗಿಗೆ ಸರಿ. ಟವೆಲ್‌ಗೆ ಹಚ್ಚಿದರೆ ನೀರು ಹೀರುವ ಶಕ್ತಿ ಕುಗ್ಗುತ್ತದೆ, ಕೊಳೆ ಬಿಡುವುದೂ ಕಷ್ಟವಾಗುತ್ತದೆ.

ಮೆಷಿನ್‌ಗೆ ಹಾಕುವವರು ಟವೆಲ್‌ಗಳನ್ನೇ ಬೇರೆಯಾಗಿ ಹಾಕಿ. ಡ್ರಮ್ಮಿನ ಮುಕ್ಕಾಲು ಭಾಗಕ್ಕಿಂತ ಜಾಸ್ತಿ ತುಂಬಬೇಡಿ. ಹೀಟರ್ ಇರುವ ಮೆಷಿನ್ ಆದರೆ ಕಾಟನ್, 60 ಡಿಗ್ರಿ. ಬಣ್ಣ ಬಿಡುವ ಟವೆಲ್ ಆದರೆ 40. ಬ್ಯಾಕ್ಟೀರಿಯಾಗಳಿಗೆ ನಿಜವಾದ ಏಟು ಬೀಳುವುದು 60 ಡಿಗ್ರಿಯಲ್ಲೇ. ಎಕ್ಸ್‌ಟ್ರಾ ರಿನ್ಸ್ ಬಟನ್ ಇದ್ದರೆ ಅದು ಇರುವುದೇ ಟವೆಲ್‌ಗೆ ಅಂದುಕೊಳ್ಳಿ. ಕೈಯಲ್ಲಿ ಒಗೆಯುವವರು ಬ್ರಷ್ ಹಾಕಬೇಡಿ, ಕುಣಿಕೆ ಕಿತ್ತು ಬರುತ್ತದೆ. ಕೊನೆಯ ಬಕೆಟ್ ನೀರಲ್ಲಿ ನೊರೆ ಕಾಣದಷ್ಟು ಸಲ ಜಾಲಾಡಿಸಿ.

ಒಗೆತ ಮುಗಿದ ಕೂಡಲೇ ಹೊರಗೆ ತೆಗೆಯಿರಿ. ರಾತ್ರಿ ಮೆಷಿನ್ ಹಾಕಿ ಬೆಳಿಗ್ಗೆ ತೆಗೆದರಾಯಿತು ಅಂದರೆ, ಮುಚ್ಚಿದ ಡ್ರಮ್ಮಿನಲ್ಲಿ ರಾತ್ರಿಯಿಡೀ ಬ್ಯಾಕ್ಟೀರಿಯಾಗೆ ಊಟ ಹಾಕಿದ ಹಾಗೆಯೇ.

ಆಗಲೇ ನಾತ ಹಿಡಿದಿದ್ದರೆ

ಹಿಂದೆ ಮಡಿವಾಳರು ಬಟ್ಟೆಯನ್ನು ಚೌಳು ಮಣ್ಣಿನ ನೀರಲ್ಲಿ ಅದ್ದಿ ಭಟ್ಟಿಯ ಹಬೆಗೆ ಇಡುತ್ತಿದ್ದರು. ಕ್ಷಾರ, ಬಿಸಿ, ಆಮೇಲೆ ಬಿಸಿಲು. ಇವತ್ತಿಗೂ ನಾತ ತೆಗೆಯಲು ಬೇಕಾದ್ದು ಈ ಮೂರೇ. ಮನೆಯಲ್ಲಿ ಹೀಗೆ ಮಾಡಿ. ಬಿಸಿಲು ಬರುವ ಸೂಚನೆ ಇರುವ ದಿನ ನೋಡಿಕೊಂಡು ಬೆಳಿಗ್ಗೆಯೇ ಶುರು ಮಾಡಿ.

1. ಬಿಳಿ, ತಿಳಿ ಬಣ್ಣ, ಗಾಢ ಬಣ್ಣ ಬೇರೆ ಬೇರೆ ಮಾಡಿ. ಗಾಢ ಬಣ್ಣದ್ದಾದರೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷೆ ಮಾಡಿ.

2. ಪ್ಲಾಸ್ಟಿಕ್ ಬಕೆಟ್ ತೆಗೆದುಕೊಳ್ಳಿ. ತಾಮ್ರದ ಹಂಡೆ, ಅಲ್ಯೂಮಿನಿಯಂ ಪಾತ್ರೆ ಬೇಡ. ಬಿಸಿ ಸೋಡಾ ನೀರು ಅಲ್ಯೂಮಿನಿಯಂ ಅನ್ನು ತಿನ್ನುತ್ತದೆ. ತಾಮ್ರ ತಾಗಿದರೆ ಆಕ್ಸಿಜನ್ ಬ್ಲೀಚ್ ಸುಮ್ನೆ ಹಾಳಾಗುತ್ತದೆ.

3. ಐದು ಲೀಟರ್ ತಣ್ಣೀರಿಗೆ ಐದು ಲೀಟರ್ ಕುದಿಯುವ ನೀರು ಸೇರಿಸಿ. ಸುಮಾರು 60 ಡಿಗ್ರಿಗೆ ಬರುತ್ತದೆ. ಥರ್ಮಾಮೀಟರ್ ಬೇಕಾಗಿಲ್ಲ. ಮಕ್ಕಳು ಹತ್ತಿರ ಬರದಂತೆ ನೋಡಿಕೊಳ್ಳಿ.

4. ಕೈಗವಸು ಹಾಕಿಕೊಂಡು ಮೂರು ನಾಲ್ಕು ದೊಡ್ಡ ಚಮಚ ಆಕ್ಸಿಜನ್ ಬ್ಲೀಚ್ ಪುಡಿ ಕರಗಿಸಿ. ಇದರ ರಾಸಾಯನಿಕ ಹೆಸರು ಸೋಡಿಯಂ ಪರ್‌ಕಾರ್ಬೊನೇಟ್. ಪ್ಯಾಕೆಟ್ ಮೇಲೆ ಅದೇ ಇದೆಯಾ ನೋಡಿ. ಸಿಗದಿದ್ದರೆ ಅಷ್ಟೇ ವಾಷಿಂಗ್ ಸೋಡಾ ಹಾಕಿ, ಕೆಲಸ ಸ್ವಲ್ಪ ನಿಧಾನ. ಅಡಿಗೆ ಸೋಡಾ ಇದಕ್ಕೆ ಸಾಲುವುದಿಲ್ಲ, ಅದರ ಕ್ಷಾರ ಬಹಳ ಮೆತ್ತಗಿನದು.

5. ಟವೆಲ್ ಮುಳುಗಿಸಿ ಒಂದೆರಡು ಗಂಟೆ ಬಿಡಿ. ಆಗಾಗ ಕೋಲಿನಿಂದ ತಿರುವಿ. ನೀರು ಕೆಸರಿನ ಬಣ್ಣಕ್ಕೆ ತಿರುಗುವುದು ನೋಡಿ ಗಾಬರಿಯಾಗಬೇಡಿ, ಹಳೆಯ ಜಿಡ್ಡು ಬಿಡುತ್ತಿದೆ ಅಷ್ಟೇ. ರಾತ್ರಿಯಿಡೀ ನೆನೆಹಾಕಿ ಲಾಭವಿಲ್ಲ. ನೀರು ತಣ್ಣಗಾದರೆ ಪುಡಿಯ ಕೆಲಸ ತೀರಾ ನಿಧಾನವಾಗುತ್ತದೆ.

6. ಮಾಮೂಲಿನಂತೆ ಒಗೆದು, ಒಂದು ಸಲ ಜಾಸ್ತಿ ಜಾಲಾಡಿಸಿ. ಗಡಸು ನೀರಿನ ಮನೆಯವರು ಕೊನೆಯ ಬಕೆಟ್ ನೀರಿಗೆ ಅರ್ಧ ಲೋಟ ಬಿಳಿ ವಿನೆಗರ್ ಹಾಕಬಹುದು. ಟವೆಲ್ ಮೆತ್ತಗಾಗುತ್ತದೆ. ಪ್ರತಿ ಸಲ ಬೇಡ, ಮೆಷಿನ್ನಿನ ರಬ್ಬರಿಗೆ ಒಳ್ಳೆಯದಲ್ಲ.

7. ಅವತ್ತೇ ಸಂಜೆಯೊಳಗೆ ಪೂರ್ತಿ ಒಣಗಿಸಿ. ಇದು ತಪ್ಪಿದರೆ ಮೇಲಿನ ಆರೂ ದಂಡ.

ಎರಡು ಎಚ್ಚರಿಕೆ. ಕ್ಲೋರಿನ್ ಇರುವ ಬ್ಲೀಚಿಂಗ್ ಪೌಡರ್ ಅಥವಾ ದ್ರವವನ್ನು ವಿನೆಗರ್, ನಿಂಬೆ ಉಪ್ಪು, ಟಾಯ್ಲೆಟ್ ತೊಳೆಯುವ ಆಸಿಡ್ ಜೊತೆ ಯಾವತ್ತೂ ಸೇರಿಸಬೇಡಿ. ಹೊರಬರುವ ಕ್ಲೋರಿನ್ ಅನಿಲ ವಿಷ. ಇನ್ನು ಅಡಿಗೆ ಸೋಡಾ, ವಿನೆಗರ್ ಒಟ್ಟಿಗೆ ಸುರಿದು ಬುಸುಬುಸು ನೊರೆ ಬರಿಸುವ ವಿಡಿಯೊಗಳು ಎಲ್ಲೆಲ್ಲೂ ಇವೆ. ನೋಡಲು ಚೆಂದ. ಒಂದು ಕ್ಷಾರ, ಇನ್ನೊಂದು ಆಮ್ಲ. ಎರಡೂ ಸೇರಿ ಒಂದನ್ನೊಂದು ಮುಗಿಸಿಬಿಡುತ್ತವೆ. ಕೊಳೆಗೆ ಏನೂ ಆಗುವುದಿಲ್ಲ.

ಮಳೆಗಾಲದಲ್ಲಿ ಒಣಗಿಸುವ ಬಗೆ

ನೀರನ್ನು ಮೊದಲು ಯಂತ್ರದಿಂದ ತೆಗೆಯಿರಿ, ಉಳಿದದ್ದನ್ನು ಗಾಳಿಗೆ ಬಿಡಿ. ಸ್ಪಿನ್ ಮುಗಿದ ಮೇಲೆ ಟವೆಲ್‌ಗಳನ್ನು ಹೊರಗೆ ತೆಗೆದು ಬಿಡಿಸಿ, ಮತ್ತೆ ಹಾಕಿ ಇನ್ನೊಂದು ಸ್ಪಿನ್ ಕೊಡಿ. ಸೆಮಿ ಆಟೊಮ್ಯಾಟಿಕ್ ಮೆಷಿನ್ನಿನವರಿಗೆ ಇದು ಇನ್ನೂ ಸುಲಭ. ಕೈಯಲ್ಲಿ ಹಿಂಡುವುದಾದರೆ ಇಬ್ಬರು ಎರಡು ತುದಿ ಹಿಡಿದು ಎದುರುಬದುರು ತಿರುಚಿ.

ಹಗ್ಗಕ್ಕೆ ಹಾಕುವುದರಲ್ಲೂ ಒಂದು ಉಪಾಯ ಇದೆ. ಒಂದೇ ಹಗ್ಗಕ್ಕೆ ಅರ್ಧಕ್ಕೆ ಮಡಚಿ ಹಾಕಿದರೆ ಒಳಗಿನ ಎರಡು ಮುಖ ಅಂಟಿಕೊಳ್ಳುತ್ತವೆ. ಅಕ್ಕಪಕ್ಕದ ಎರಡು ಹಗ್ಗದ ಮೇಲೆ ಚಪ್ಪರದಂತೆ ಹರಡಿ. ನಡುವೆ ಒಂದು ಗೇಣು ಜಾಗ ಇದ್ದರೆ ಅಡಿಯಿಂದಲೂ ಗಾಳಿ ಆಡುತ್ತದೆ. ಎರಡು ಗಂಟೆ ಬಿಟ್ಟು ಮೇಲು ಕೆಳಗು ಮಾಡಿ ಹಾಕಿ. ನೀರೆಲ್ಲಾ ಕೆಳಗಿನ ಅಂಚಿಗೆ ಇಳಿದಿರುತ್ತದೆ.

ಹಳೆಯ ಮನೆಗಳಲ್ಲಿ ಮಡಿಬಟ್ಟೆ ಒಣಗಿಸಲು ತೊಲೆಯಿಂದ ಬಿದಿರಿನ ಗಳ ಇಳಿಬಿಟ್ಟಿರುತ್ತಿದ್ದರು. ಕೋಲಿನಿಂದ ಬಟ್ಟೆ ಎತ್ತಿ ಮೇಲೆ ಹರಡುವುದು. ಮಡಿ ಕೆಡಬಾರದು ಅನ್ನುವುದು ಒಂದು ಕಾರಣ. ಆದರೆ ಬಿಸಿಗಾಳಿ ಮೇಲಕ್ಕೇ ಏರುವುದರಿಂದ ಅಲ್ಲಿ ಬಟ್ಟೆ ಬೇಗ ಒಣಗುತ್ತಿತ್ತು ಅನ್ನುವುದೂ ನಿಜ. ಈಗ ಫ್ಲಾಟುಗಳ ಬಾಲ್ಕನಿಯಲ್ಲಿ ರಾಟೆ, ಹಗ್ಗ ಇರುವ ಸ್ಟೀಲ್ ಸರಳುಗಳು ಬಂದಿವೆಯಲ್ಲ, ಅದೇ ಕೆಲಸ. ಬಾಲ್ಕನಿಗೆ ಇರಚಲು ಹೊಡೆಯುತ್ತಿದ್ದರೆ ಅದನ್ನು ಹಾಲಿನಲ್ಲೋ ಕೋಣೆಯಲ್ಲೋ ಫ್ಯಾನಿಗೆ ಹತ್ತಿರ ಹಾಕಿಸಿಕೊಳ್ಳಿ.

ಫ್ಯಾನ್ ಹಾಕಲು ಹಿಂಜರಿಯಬೇಡಿ. 75 ವ್ಯಾಟ್‌ನ ಫ್ಯಾನ್ ನಾಲ್ಕು ಗಂಟೆ ಓಡಿದರೆ 0.3 ಯೂನಿಟ್ ಕರೆಂಟು. ಮತ್ತೆ ಮತ್ತೆ ಒಗೆಯುವ ನೀರು, ಸೋಪಿನ ಮುಂದೆ ಅದೇನೂ ಅಲ್ಲ. ಟೇಬಲ್ ಫ್ಯಾನ್ ಇದ್ದರೆ ಇನ್ನೂ ವಾಸಿ, ಗಾಳಿಯನ್ನು ಟವೆಲ್ ಕಡೆಗೇ ತಿರುಗಿಸಬಹುದು. ಕಿಟಕಿ ವಿಷಯದಲ್ಲಿ ಸ್ವಲ್ಪ ಯೋಚನೆ ಬೇಕು. ಹೊರಗೆ ಮಳೆ ನಿಂತು ಗಾಳಿ ಬೀಸುತ್ತಿದ್ದರೆ ಎದುರುಬದುರು ಕಿಟಕಿ ತೆರೆಯಿರಿ. ಹೊರಗೆ ಮಂಜು ಕವಿದಿದ್ದರೆ ತೆರೆದಿಟ್ಟು ಉಪಯೋಗ ಕಮ್ಮಿ, ಆದರೆ ಪೂರ್ತಿ ಮುಚ್ಚಿದರೆ ಟವೆಲ್ ಬಿಟ್ಟ ನೀರು ಕೋಣೆಯಲ್ಲೇ ಸುತ್ತುತ್ತದೆ. ಬಿರುಕಿನಷ್ಟು ತೆರೆದು ಫ್ಯಾನ್ ಹಾಕಿ. ಎಸಿ ಇದ್ದರೆ ಡ್ರೈ ಮೋಡ್ ಒಳ್ಳೆಯದು. ಮಂಗಳೂರು, ಉಡುಪಿ ಕಡೆ ಡಿಹ್ಯೂಮಿಡಿಫೈಯರ್ ಕೊಂಡರೆ ದುಡ್ಡು ದಂಡ ಅನ್ನಿಸುವುದಿಲ್ಲ. ಟವೆಲ್ ಜೊತೆ ಪುಸ್ತಕ, ಚಪ್ಪಲಿ, ಬೀರುವೂ ಬದುಕುತ್ತವೆ.

ಮಲೆನಾಡಿನಲ್ಲಿ ಬಚ್ಚಲ ಒಲೆ ಇನ್ನೂ ಉರಿಯುವ ಮನೆಗಳಿವೆ. ಒಲೆಯ ಗೋಡೆಯ ಹಿಂಬದಿ, ಬೆಚ್ಚಗಿರುವ ಜಾಗ, ಟವೆಲ್‌ಗೆ ಬಹಳ ಒಳ್ಳೆಯದು. ಒಲೆಯ ಬಾಯಿಯ ಮೇಲೆ ಮಾತ್ರ ಹಾಕಬೇಡಿ. ಹೊಗೆ ವಾಸನೆ ಹತ್ತಿದರೆ ಅದು ಬೇರೆಯದೇ ತಲೆನೋವು, ಕಿಡಿ ಹಾರಿದರೆ ಇನ್ನೂ ಕಷ್ಟ. ವಿದೇಶದಲ್ಲಿರುವವರಿಗೆ ಚಳಿಗಾಲದಲ್ಲಿ ಹೀಟರ್ ಪಕ್ಕದ ಸ್ಟ್ಯಾಂಡ್ ಆಗುತ್ತದೆ. ಟಂಬಲ್ ಡ್ರೈಯರ್ ಇದ್ದರಂತೂ ಈ ಭಾಗವನ್ನೇ ಓದಬೇಕಿಲ್ಲ.

ಇಷ್ಟೆಲ್ಲಾ ಮಾಡಿಯೂ ಅಂಚಿನಲ್ಲಿ ಪಸೆ ಉಳಿದಿದ್ದರೆ ಇಸ್ತ್ರಿ ಪೆಟ್ಟಿಗೆ ತೆಗೆಯಿರಿ. ಕಾಟನ್ ಬಿಸಿಗೆ ಇಟ್ಟು ಅಂಚುಗಳ ಮೇಲೆ ನಿಧಾನವಾಗಿ ಎಳೆಯಿರಿ. ಹಬೆ ಏಳುವುದು ನಿಂತರೆ ಒಣಗಿತು ಅಂತ. ಮುಕ್ಕಾಲು ಪಾಲು ಒಣಗಿದ ಟವೆಲ್‌ಗೆ ಮಾತ್ರ ಇದು. ತೊಟ್ಟಿಕ್ಕುವ ಟವೆಲ್‌ಗೆ ಇಸ್ತ್ರಿ ಹಾಕಿ ಕೂತರೆ ದಿನ ಕಳೆಯುತ್ತದೆ.

ಇನ್ನು ಮಳೆ ಹೊಳವಾಗಿ ಬಿಸಿಲು ಬಂತು ಅಂದರೆ ಬೇರೆಲ್ಲಾ ಕೆಲಸ ಬಿಟ್ಟು ಟವೆಲ್ ಹೊರಗೆ ಹಾಕಿ. ಬಿಸಿಲಲ್ಲಿ ಒಣಗಿದ ಬಟ್ಟೆಗೆ ಒಂದು ಹಿತವಾದ ವಾಸನೆ ಇರುತ್ತದಲ್ಲ, ಅದು ಬರೀ ನಮ್ಮ ಭ್ರಮೆಯಲ್ಲ. ಡೆನ್ಮಾರ್ಕಿನ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಸಂಶೋಧಕರು ಟವೆಲ್‌ಗಳನ್ನೇ ಒಗೆದು, ಬಿಸಿಲು, ನೆರಳು, ಮನೆಯೊಳಗೆ ಬೇರೆ ಬೇರೆ ಒಣಗಿಸಿ ನೋಡಿ, 2020ರಲ್ಲಿ ಅದನ್ನು ಪ್ರಕಟಿಸಿದರು. ಬಿಸಿಲಲ್ಲಿ ಒಣಗಿದ ಟವೆಲ್‌ಗಳಲ್ಲಿ ಪೆಂಟನಾಲ್, ಆಕ್ಟನಾಲ್, ನೊನನಾಲ್‌ನಂಥ ಸುವಾಸನೆಯ ವಸ್ತುಗಳು ಸಿಕ್ಕವು. ಇಂಥವು ಹೂವು, ಸುಗಂಧದ್ರವ್ಯಗಳಲ್ಲೂ ಇರುತ್ತವೆ. ಸಂಜೆ ತಂಪಾಗುವ ಮುಂಚೆ ಟವೆಲ್ ಒಳಗೆ ತನ್ನಿ. ಇಲ್ಲದಿದ್ದರೆ ಒಣಗಿದ ಹತ್ತಿ ಮತ್ತೆ ತೇವ ಕುಡಿಯುತ್ತದೆ.

ಮೆಷಿನ್ ನಾರುತ್ತಿದೆಯಾ ನೋಡಿ

ಎಲ್ಲಾ ಮಾಡಿಯೂ ನಾತ ಹೋಗದಿದ್ದರೆ ತಪ್ಪು ಮೆಷಿನ್ನಿನದ್ದಿರಬಹುದು. ಫ್ರಂಟ್ ಲೋಡ್ ಬಾಗಿಲಿನ ರಬ್ಬರನ್ನು ಬೆರಳಿನಿಂದ ಬಿಡಿಸಿ ಒಳಗೆ ನೋಡಿ. ಕೂದಲು, ನೂಲಿನ ಜುಂಗು, ಕಪ್ಪು ಲೋಳೆ. ಅಲ್ಲಿಂದಲೇ ಪ್ರತಿ ಒಗೆತಕ್ಕೂ ಬ್ಯಾಕ್ಟೀರಿಯಾ ಇಳಿಯುತ್ತದೆ. ಒದ್ದೆ ಬಟ್ಟೆಯಿಂದ ಒರೆಸಿ, ಪುಡಿ ಹಾಕುವ ಡ್ರಾಯರ್ ಕಿತ್ತು ತೊಳೆಯಿರಿ, ಕೆಳಗಿನ ಫಿಲ್ಟರ್ ಬಿಚ್ಚಿ ನೀರು ಸುರಿದು ಶುಚಿ ಮಾಡಿ. ತಿಂಗಳಿಗೊಮ್ಮೆ ಬಟ್ಟೆ ಹಾಕದೆ ಅತಿ ಬಿಸಿ ನೀರಿನಲ್ಲಿ ಟಬ್ ಕ್ಲೀನ್ ಓಡಿಸಿ. ಒಗೆತ ಮುಗಿದ ಮೇಲೆ ಬಾಗಿಲು, ಡ್ರಾಯರ್ ತೆರೆದೇ ಇರಲಿ. ಪುಟ್ಟ ಮಕ್ಕಳಿದ್ದರೆ ಒಂದು ಕಣ್ಣಿಡಿ.

ಬೀರುವಿನಲ್ಲಿ

ಬಿಸಿಲಿನಿಂದ ತಂದ ಟವೆಲ್ ಆರಿದ ಮೇಲೆ ಮಡಚಿ. ಹೊರಗೋಡೆಗೆ ತಾಗಿದ ಬೀರುವಾದರೆ ಗೋಡೆಯಿಂದ ನಾಲ್ಕು ಬೆರಳು ಮುಂದೆ ತನ್ನಿ. ಟವೆಲ್‌ಗಳನ್ನು ಒತ್ತೊತ್ತಾಗಿ ತುರುಕಬೇಡಿ. ಅಡಿಯಲ್ಲಿರುವುದನ್ನು ಮೊದಲು ತೆಗೆದು ಬಳಸಿ. ನುಸಿಗುಳಿಗೆ ಮುಗ್ಗಲನ್ನು ಮುಚ್ಚುತ್ತದೆ ಅಷ್ಟೇ, ಮೈ ಒರೆಸುವ ಬಟ್ಟೆಗೆ ಅದರ ವಾಸನೆ ಬೇಡ. ಲಾವಂಚದ ಬೇರಿನ ಕಟ್ಟು ಇಟ್ಟರೆ ಪರಿಮಳ ಚೆಂದ. ತೇವ ಹೀರಲು ಮಾತ್ರ ಸಿಲಿಕಾ ಜೆಲ್ ಚೀಲವೋ, ನೀರು ಹೀರುವ ಕ್ಯಾಲ್ಸಿಯಂ ಕ್ಲೋರೈಡ್ ಡಬ್ಬವೋ ಬೇಕು.

ಯಾವಾಗ ಕೈಬಿಡಬೇಕು

ಎರಡು ಸಲ ಬಿಸಿನೀರಿನ ಉಪಚಾರ ಮಾಡಿಯೂ, ಬಿಸಿಲಲ್ಲಿ ಒಣಗಿಸಿಯೂ ಅದ್ದಿದ ಮೂಲೆ ನಾರುತ್ತಿದ್ದರೆ ಆ ಟವೆಲ್ ಮೇಲೆ ಇನ್ನು ಶ್ರಮ ಹಾಕಬೇಡಿ. ಬೂಷ್ಟಿನ ಕಪ್ಪು ಚುಕ್ಕಿ ಬಿದ್ದದ್ದೂ ಅಷ್ಟೇ. ಬಿಳಿ ಟವೆಲ್ ಆದರೆ ಆಕ್ಸಿಜನ್ ಬ್ಲೀಚ್ ಒಂದು ಸಲ ಹಾಕಿ ನೋಡಬಹುದು, ಬಣ್ಣದ್ದಾದರೆ ಕಲೆ ಹೋಗುವುದು ಅನುಮಾನ. ಮಕ್ಕಳು, ದಮ್ಮಿನ ತೊಂದರೆ ಇರುವವರು ಬೂಷ್ಟು ಹಿಡಿದದ್ದನ್ನು ಬಳಸುವುದು ಬೇಡ. ಬರೀ ನಾತ ಇರುವ ಟವೆಲ್ ಅನ್ನು ಕತ್ತರಿಸಿ ಬೈಕ್ ಒರೆಸಲು, ಮೆಟ್ಟಿಲ ಹತ್ತಿರ ಕಾಲೊರೆಸಲು ಇಟ್ಟುಕೊಳ್ಳಿ. ಅಡಿಗೆಮನೆಗೆ ಮಾತ್ರ ಬೇಡ. ಅದರಲ್ಲಿ ತಟ್ಟೆ, ಲೋಟ ಒರೆಸಿದರೆ ನಾತ ಅವಕ್ಕೂ ಹತ್ತುತ್ತದೆ.